ಐದು ದಿನ, ಎರಡೇ ಸುತ್ತು: ಮಿಷನ್ ಕೆಲಸದ ದಣಿವಿಗೆ ಮರ್ಚಿಸನ್ ಕಾಡು

ಸಫಾರಿ ಸ್ವಾಹಿಲಿ ಮಾತು, ಅರಬ್ಬಿಯ ಸಫರ್‌ನಿಂದ ಬಂದದ್ದು. ಅರ್ಥ ಪ್ರಯಾಣ, ಅಷ್ಟೇ. ವಿಶ್ರಾಂತಿ ಎಂಬ ಅರ್ಥ ಆ ಪದದಲ್ಲಿ ಎಲ್ಲೂ ಇಲ್ಲ, ಅದನ್ನು ನಾವೇ ತುಂಬಬೇಕು. ಇವತ್ತು ನಿಮಗೆ ಹೇಳಬೇಕಾಗಿರುವುದು ಅದನ್ನು ತುಂಬುವ ಬಗೆಯನ್ನು.

ಮಿಷನ್ ಅಂದರೆ ನಿರಾಶ್ರಿತರ ನೆರವಿನ ಕೆಲಸ. ಅದಕ್ಕಾಗಿ ನೀವು ಹೊರಟಿರುವುದು ಉಗಾಂಡದ ವಾಯವ್ಯ ಮೂಲೆಗೆ, ವೆಸ್ಟ್ ನೈಲ್ ಸೀಮೆಗೆ. ಯುಂಬೆ ಜಿಲ್ಲೆಯ ಬಿಡಿಬಿಡಿ ನಿರಾಶ್ರಿತರ ವಸತಿ 2016ರಲ್ಲಿ ಶುರುವಾದದ್ದು. ಕೆಲವೇ ತಿಂಗಳಲ್ಲಿ ದಕ್ಷಿಣ ಸುಡಾನಿನಿಂದ ಎರಡು ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಬಂದು ಸೇರಿದರು. ನಿಮ್ಮಲ್ಲಿ ನರ್ಸುಗಳಿದ್ದೀರಿ, ಡಾಕ್ಟರುಗಳಿದ್ದೀರಿ, ನೀರು-ಶೌಚಾಲಯದ ಎಂಜಿನಿಯರುಗಳಿದ್ದೀರಿ. ಆರೋ ಎಂಟೋ ವಾರ ದುಡಿದ ಮೇಲೆ ಐದು ದಿನ ಬಿಡುವು ಸಿಗುತ್ತದೆ. ವಿಶ್ವಸಂಸ್ಥೆಯಲ್ಲಿ ಕೆಲಸದ ಜಾಗದ ಕಷ್ಟ ನೋಡಿ ನಾಲ್ಕು, ಆರು, ಎಂಟು ಅಥವಾ ಹನ್ನೆರಡು ವಾರಕ್ಕೊಮ್ಮೆ ಈ ರಜೆ ಕೊಡುತ್ತಾರೆ. ಎಲ್ಲರ ಬಾಯಲ್ಲೂ ಅದರ ಹೆಸರು ಆರ್ ಅಂಡ್ ಆರ್, ಅಂದರೆ ವಿಶ್ರಾಂತಿ ಮತ್ತು ಚೇತರಿಕೆ.

ಈ ಐದು ದಿನ ಕೆಡುವುದು ಬಹುಪಾಲು ಒಂದೇ ರೀತಿಯಲ್ಲಿ. ಇಷ್ಟು ದೂರ ಬಂದಿದ್ದೇವೆ, ಮತ್ತೆ ಬರುತ್ತೇವೋ ಇಲ್ಲವೋ ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬುತ್ತಾರೆ. ಮರ್ಚಿಸನ್‌ನಲ್ಲಿ ಒಂದು ರಾತ್ರಿ, ಕಿಬಾಲೆಯಲ್ಲಿ ಚಿಂಪಾಂಜಿ, ಕ್ವೀನ್ ಎಲಿಜಬೆತ್‌ನಲ್ಲಿ ಸಿಂಹ, ಬ್ವಿಂಡಿಯಲ್ಲಿ ಗೊರಿಲ್ಲಾ. ಭೂಪಟ ತೆಗೆದು ನೋಡಿ: ಬ್ವಿಂಡಿ ಇರುವುದು ದೇಶದ ನೈಋತ್ಯ ತುದಿಯಲ್ಲಿ. ಇಡೀ ರಜೆ ರಸ್ತೆಯ ಮೇಲೆಯೇ ಕಳೆದು, ದಿನಾ ಬೆಳಗ್ಗೆ ಐದಕ್ಕೆ ಅಲಾರಂ ಬಡಿದು, ವಾರ್ಡಿಗೆ ಮರಳುವಾಗ ಹೊರಟಾಗ ಇದ್ದುದಕ್ಕಿಂತ ಹೆಚ್ಚು ಸೋತಿರುತ್ತಾರೆ. ನನ್ನ ಸಲಹೆ ಇಷ್ಟೇ: ಒಂದೇ ಕಾಡು, ಮರ್ಚಿಸನ್ ಫಾಲ್ಸ್. ಐದು ದಿನದಲ್ಲಿ ಎರಡೇ ಸುತ್ತು, ಒಂದು ದೋಣಿಯಲ್ಲಿ, ಒಂದು ಗಾಡಿಯಲ್ಲಿ. ಉಳಿದ ಹೊತ್ತು ಕೂತಿರಿ, ಮಲಗಿರಿ.

ಮರ್ಚಿಸನ್ನೇ ಯಾಕೆ ಅಂದರೆ, ಅದು ನಿಮಗೆ ಹತ್ತಿರ. ವೆಸ್ಟ್ ನೈಲ್‌ನ ಮುಖ್ಯ ಪಟ್ಟಣ ಆರುವಾದಿಂದ ನದಿದಂಡೆಯ ಪಕ್ವಾಚ್‌ಗೆ ಟಾರು ರಸ್ತೆ, ಎರಡು, ಎರಡೂವರೆ ತಾಸು. ಪಕ್ವಾಚ್‌ನಲ್ಲಿ ಆಲ್ಬರ್ಟ್ ನೈಲ್‌ನ ಸೇತುವೆ ದಾಟಿ ಕೆಲವೇ ಕಿಲೋಮೀಟರ್ ಹೋದರೆ ಟಾಂಗಿ ಗೇಟ್. ಕಂಪಾಲದಿಂದ ಬರುವವರು ಐದಾರು ತಾಸು ಗಾಡಿಯಲ್ಲಿ ಕೂರಬೇಕು. ಇದು ಉಗಾಂಡದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ, ನಮ್ಮ ಬಂಡೀಪುರದ ನಾಲ್ಕು ಪಟ್ಟಿಗೂ ದೊಡ್ಡದು. 1952ರಲ್ಲಿ ಘೋಷಣೆಯಾಯಿತು. ವಿಕ್ಟೋರಿಯಾ ನೈಲ್ ಕಾಡನ್ನು ಉತ್ತರ ದಂಡೆ, ದಕ್ಷಿಣ ದಂಡೆ ಅಂತ ಸೀಳುತ್ತದೆ. ಹಿಂದೆ ಪಾರಾ ಎಂಬಲ್ಲಿ ಗಾಡಿ ಸಮೇತ ಫೆರಿ ಹತ್ತಿ ದಾಟಬೇಕಿತ್ತು, ಈಗ ಸೇತುವೆ ಇದೆ. ತೈಲ ತೆಗೆಯುವ ಕೆಲಸ ಶುರುವಾದ ಮೇಲೆ ಕಾಡಿನೊಳಗೂ ಟಾರು ಬಂದಿದೆ. ಬೆನ್ನಿಗೆ ಅದು ಸುಖ. ಕಾಡಿಗೆ ಸುಖವಲ್ಲ ಅನ್ನುವುದನ್ನು ಅಲ್ಲಿಗೆ ಹೋದವರು ಕಣ್ಣಾರೆ ನೋಡಿ ಬರಬೇಕು.

ಈಗ ದಿನದ ಲೆಕ್ಕ. ಮೊದಲ ದಿನ ಗೇಟಿನ ಹೊರಗಿರುವ ಲಾಡ್ಜ್‌ನಲ್ಲಿ ಇಳಿಯಿರಿ. ಪಕ್ವಾಚ್ ಕಡೆ ಅಂಥವು ಹಲವು ಇವೆ. ಹೊರಗೇ ಯಾಕೆ? ಉದ್ಯಾನದ ಪರವಾನಗಿ ಒಳಗೆ ಕಾಲಿಟ್ಟ ಗಳಿಗೆಯಿಂದ 24 ಗಂಟೆ ಮಾತ್ರ. ಬಂದ ಸಂಜೆಯೇ ಒಳಗೆ ಹೋದರೆ ಆ ರಾತ್ರಿ ನೀವು ಮಲಗಿದ್ದಕ್ಕೂ ಡಾಲರ್ ಕಟ್ಟಿದ ಹಾಗೆ. ಹಾಗೆ ದುಡ್ಡು ಕಟ್ಟಿದ ಮೇಲೆ ಮಲಗುವುದಕ್ಕೆ ಮನಸ್ಸು ಬರುವುದಿಲ್ಲ, ವಸೂಲು ಮಾಡಬೇಕು ಅನಿಸುತ್ತದೆ. ಮೊದಲೆರಡು ದಿನ ಗೇಟ್ ದಾಟಲೇಬೇಡಿ. ಮೂರನೆಯ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಳಗೆ ಹೋಗಿ. ಎರಡು ಗಂಟೆಗೆ ಪಾರಾದಿಂದ ದೋಣಿ ಹೊರಡುತ್ತದೆ, ಸುಮಾರು ಮೂರು ತಾಸಿನ ಸುತ್ತು. ರಾತ್ರಿ ಒಳಗಿನ ಲಾಡ್ಜ್‌ನಲ್ಲಿ ಉಳಿದು, ನಾಲ್ಕನೆಯ ದಿನ ಬೆಳಗ್ಗೆ ಗಾಡಿಯಲ್ಲಿ ಸುತ್ತಿ, ಹನ್ನೆರಡರ ಒಳಗೆ ಗೇಟಿನಿಂದ ಹೊರಗೆ ಬನ್ನಿ. ಒಂದೇ ಪರವಾನಗಿಯಲ್ಲಿ ಎರಡೂ ಆಯಿತು. ಉಗಾಂಡದ ಕೆಲಸದ ಪರವಾನಗಿ ಇದ್ದವರು ಅದನ್ನು ಮರೆಯದೆ ಒಯ್ಯಿರಿ. ವಿದೇಶಿ ನಿವಾಸಿಗಳ ದರ ಪ್ರವಾಸಿಗರ ದರಕ್ಕಿಂತ ಕಡಿಮೆ, ಆದರೆ ಕಾಗದ ತೋರಿಸಿದರೆ ಮಾತ್ರ.

ಮೊದಲ ಎರಡು ದಿನ ಏನೂ ಮಾಡಬೇಡಿ ಅಂದರೆ ಜನ ಒಪ್ಪುವುದಿಲ್ಲ. ಸ್ವಲ್ಪ ವಿವರಿಸುತ್ತೇನೆ. ವಾರಗಟ್ಟಲೆ ರಾತ್ರಿಪಾಳಿ ಮಾಡಿದ ದೇಹದ ನಿದ್ದೆಯ ಸಾಲ ಒಂದೇ ರಾತ್ರಿಗೆ ತೀರುವಂಥದ್ದಲ್ಲ. ಮೊದಲ ರಾತ್ರಿ ಹನ್ನೆರಡು ತಾಸು ಮಲಗುತ್ತೀರಿ, ಎದ್ದಾಗ ತಲೆ ಇನ್ನೂ ಭಾರ, ಮೈಕೈ ನೋವು. ಇದು ಸಹಜ. ಎರಡನೆಯ, ಮೂರನೆಯ ರಾತ್ರಿ ಹೊತ್ತಿಗೆ ಹಗುರಾಗುತ್ತದೆ. ಅಲ್ಲಿ ಒಂದು ಅನುಕೂಲ ಉಂಟು. ಜಾಗ ಭೂಮಧ್ಯರೇಖೆಯಿಂದ ಎರಡೇ ಡಿಗ್ರಿ ಉತ್ತರಕ್ಕೆ, ಹಾಗಾಗಿ ವರ್ಷವಿಡೀ ಬೆಳಗ್ಗೆ ಏಳರ ಆಸುಪಾಸು ಬೆಳಕು, ಸಂಜೆ ಏಳರ ಆಸುಪಾಸು ಕತ್ತಲು. ಕರೆಂಟಿನ ಬೆಳಕು ಕಡಿಮೆ ಇರುವ ಜಾಗದಲ್ಲಿ ಊಟ ಮುಗಿಸಿ ಒಂಬತ್ತಕ್ಕೆ ಮಲಗಿ. ಬೆಳಗ್ಗೆ ಎದ್ದವರೇ ಅರ್ಧ ತಾಸು ಹೊರಗೆ ಬೆಳಕಿನಲ್ಲಿ ಕೂತು ಚಹಾ ಕುಡಿಯಿರಿ. ಕೆಟ್ಟ ಗಡಿಯಾರವನ್ನು ದೇಹ ತಾನೇ ತಿರುಗಿಸಿಕೊಳ್ಳುತ್ತದೆ. ಹಗಲು ಮಲಗುವುದಾದರೆ ಮಧ್ಯಾಹ್ನ ಒಂದು ತಾಸು ಸಾಕು. ಬಿಯರ್ ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಮೂರು ಗಂಟೆಗೆ ಎಚ್ಚರವೂ ಆಗುತ್ತದೆ.

ಪ್ರಾಣಿಗಳಲ್ಲಿ ಈ ವಿಷಯಕ್ಕೆ ಸಿಂಹ ಒಳ್ಳೆಯ ಜೊತೆ. ದಿನಕ್ಕೆ ಇಪ್ಪತ್ತು ತಾಸಿನವರೆಗೂ ಬಿದ್ದುಕೊಂಡಿರುತ್ತದೆ. ಆನೆಯ ಕತೆ ಬೇರೆ. ಬೋಟ್ಸ್ವಾನಾದಲ್ಲಿ ಎರಡು ಹೆಣ್ಣಾನೆಗಳ ಸೊಂಡಿಲಿಗೆ ಉಪಕರಣ ಅಳವಡಿಸಿ ಅಳೆದಾಗ, ದಿನಕ್ಕೆ ಸರಾಸರಿ ಎರಡೇ ತಾಸು ನಿದ್ದೆ ಅಂತ ತಿಳಿಯಿತು. ನೀವು ಆನೆಯಲ್ಲ.

ಊಟದ ವಿಷಯ. ತಿಂಗಳುಗಟ್ಟಲೆ ಬೀನ್ಸು, ಪೋಷೋ ತಿಂದ ಹೊಟ್ಟೆಗೆ ಮೊದಲ ರಾತ್ರಿಯೇ ಲಾಡ್ಜಿನ ಬಫೆ ತುಂಬಿಸಿದರೆ ಎರಡನೆಯ ದಿನ ಶೌಚಾಲಯದಲ್ಲಿ ಕಳೆಯುತ್ತದೆ. ಮೊದಲ ದಿನ ನೀವು ಕ್ಯಾಂಪಿನಲ್ಲಿ ತಿನ್ನುತ್ತಿದ್ದುದನ್ನೇ ಕೇಳಿ ತಿನ್ನಿ. ಪೋಷೋ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಮುದ್ದೆ ಉಂಡವರಿಗೆ ಹೊಸದೇನಲ್ಲ. ಸಾಧ್ಯವಾದರೆ ಕಾಲೋ ಕೇಳಿ. ಅದು ರಾಗಿ ಮುದ್ದೆಯೇ, ಕೆಲವು ಕಡೆ ಮರಗೆಣಸಿನ ಹಿಟ್ಟು ಬೆರೆಸಿರುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಅಲ್ಲಿಂದಲೇ ಸಾವಿರಾರು ವರ್ಷದ ಹಿಂದೆ ಅದು ನಮ್ಮ ಹೊಲಗಳಿಗೆ ಬಂತು. ಮಂಡ್ಯದ ಮುದ್ದೆಯ ಹಿರಿಯಕ್ಕನನ್ನು ಅವಳ ತವರಲ್ಲೇ ನೋಡಿದ ಹಾಗಾಗುತ್ತದೆ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ: ಮಾಂಸ, ಮೀನು, ಕೋಳಿ ಬೇಡ, ಮಾಂಸದ ಸಾರಿನಲ್ಲಿ ಬೇಯಿಸಿದ್ದೂ ಬೇಡ, ಅಂತ ಒಂದೊಂದನ್ನೂ ಹೆಸರಿಸಿ. ಬರೀ ಸಸ್ಯಾಹಾರಿ ಅಂದರೆ ಕೋಳಿ ಬರುವುದುಂಟು.

ರಾತ್ರಿ ಊಟ ಮುಗಿಸಿ ಕೋಣೆಗೆ ಒಬ್ಬರೇ ನಡೆಯಬೇಡಿ. ನದಿಯ ದಂಡೆಯ ಲಾಡ್ಜ್‌ಗಳ ಹುಲ್ಲಿಗೆ ಕತ್ತಲಾದ ಮೇಲೆ ನೀರಾನೆ ಮೇಯಲು ಬರುತ್ತದೆ. ಅದಕ್ಕೂ ನೀರಿಗೂ ನಡುವೆ ನೀವು ಸಿಕ್ಕಿಕೊಂಡರೆ ಅಪಾಯ. ಕಾವಲುಗಾರನನ್ನು ಅಲ್ಲಿ ಅಸ್ಕಾರಿ ಅನ್ನುತ್ತಾರೆ. ಟಾರ್ಚ್ ಹಿಡಿದು ಕರೆದುಕೊಂಡು ಹೋಗುವುದು ಅವನ ಕೆಲಸವೇ. ಸಂಕೋಚಪಡದೆ ಕರೆಯಿರಿ.

ಇನ್ನು ದೋಣಿ. ದಣಿದವರಿಗೆ ಇದರಷ್ಟು ಒಳ್ಳೆಯದು ಇಡೀ ಕಾಡಿನಲ್ಲಿ ಬೇರೊಂದಿಲ್ಲ. ಧೂಳಿಲ್ಲ, ಕುಲುಕಾಟವಿಲ್ಲ, ಎಡಕ್ಕೆ ಹೋಗೋಣವೇ ಬಲಕ್ಕೆ ಹೋಗೋಣವೇ ಅಂತ ತೀರ್ಮಾನ ಮಾಡಬೇಕಾಗಿಲ್ಲ. ಎಂಟು ವಾರ ದಿನಕ್ಕೆ ನೂರು ತೀರ್ಮಾನ ಮಾಡಿದವರಿಗೆ ಈ ಕೊನೆಯದು ದೊಡ್ಡ ಬಿಡುಗಡೆ. ದಂಡೆಯುದ್ದಕ್ಕೂ ನೀರಾನೆಯ ಗುಂಪು, ಬಾಯಿ ತೆರೆದು ಮಲಗಿದ ಮೊಸಳೆ, ನೀರಿಗಿಳಿದ ಆನೆ. ಆದರೆ ನಿಮಗೆ ತೋರಿಸಬೇಕು ಅನಿಸುವುದು ಒಂದು ಚಿಕ್ಕ ಹಕ್ಕಿಯನ್ನು. ಕಪ್ಪು ಬಿಳಿ ಮಿಂಚುಳ್ಳಿ. ರಂಗನತಿಟ್ಟಿನಲ್ಲಿ, ನಮ್ಮ ಕೆರೆಗಳ ಏರಿಯ ಮೇಲೆ ಕಾಣುವುದೇ ಇದು, ಅದೇ ಜಾತಿ. ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಮೈ ನೆಟ್ಟಗೆ, ಕೊಕ್ಕು ಮಾತ್ರ ಕೆಳಕ್ಕೆ. ದುರ್ಬೀನಿನಲ್ಲಿ ನೋಡಿದರೆ ರೆಕ್ಕೆ ಮಸುಕು ಮಸುಕು, ತಲೆ ಮಾತ್ರ ಮೊಳೆ ಹೊಡೆದ ಹಾಗೆ ಅಲುಗದೆ ನಿಂತಿರುತ್ತದೆ. ಆಮೇಲೆ ಕಲ್ಲಿನ ಹಾಗೆ ಬೀಳುತ್ತದೆ. ಮೀನು ಸಣ್ಣದಾದರೆ ಕೊಂಬೆಗೆ ಮರಳದೆ ಹಾರುತ್ತಲೇ ನುಂಗಿಬಿಡುತ್ತದೆ. ಸಿಂಹ ಸಿಗಲಿ ಬಿಡಲಿ, ಈ ಹಕ್ಕಿಯನ್ನು ಹತ್ತು ನಿಮಿಷ ನೋಡಿ. ಸದ್ದಾದ ಕಡೆಗೆಲ್ಲ ತಿರುಗುವುದನ್ನು ವಾರ್ಡಿನಲ್ಲಿ ಕಲಿತ ಕಣ್ಣು ಅಲ್ಲಿ ಒಂದು ಕಡೆ ನಿಲ್ಲುವುದನ್ನು ಮತ್ತೆ ಕಲಿಯುತ್ತದೆ.

ದುರ್ಬೀನು ಕೊಳ್ಳುವವರು 8×42 ತೆಗೆದುಕೊಳ್ಳಿ. ಎಂಟು ಪಟ್ಟು ಹಿಗ್ಗಿಸುವುದು, ಮುಂದಿನ ಗಾಜು 42 ಮಿಲಿಮೀಟರ್. ಹತ್ತು ಪಟ್ಟಿನದು ಅಂಗಡಿಯಲ್ಲಿ ಚೆಂದ ಕಾಣುತ್ತದೆ, ದೋಣಿಯಲ್ಲಿ ದಣಿದ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ.

ಜಲಪಾತ ಹತ್ತಿರವಾಗುತ್ತಿದ್ದಂತೆ ನೀರಿನ ಮೇಲೆ ಬಿಳಿ ನೊರೆಯ ಉಂಡೆಗಳು ತೇಲಿ ಬರುತ್ತವೆ. ಸೆಳವು ಜೋರಾದ್ದರಿಂದ ದೋಣಿ ಒಂದಿಷ್ಟು ದೂರದಲ್ಲೇ ನಿಲ್ಲುತ್ತದೆ. ಜೋಗ ನೋಡಿದವರಿಗೆ 43 ಮೀಟರ್ ಎತ್ತರ ಏನೂ ಅನಿಸದಿರಬಹುದು. ಇಲ್ಲಿ ನೋಡಬೇಕಾದದ್ದು ಅಗಲ. ನೈಲ್‌ನ ಬಹುಪಾಲು ನೀರು ಏಳೆಂಟು ಮೀಟರಿನ ಬಂಡೆಯ ಸೀಳಿನಲ್ಲಿ ನುಗ್ಗುತ್ತದೆ. ಕೆಳಗಿನಿಂದ ಮೇಲಕ್ಕೆ ಹತ್ತುವ ಹಾದಿ ಮುಕ್ಕಾಲು ತಾಸಿನಿಂದ ಒಂದು ತಾಸು, ಕಡಿದಾದ ಏರು, ಸುಡುವ ಬಿಸಿಲು. ಸುಸ್ತಾಗಿದ್ದರೆ ಹತ್ತಬೇಡಿ. ದಕ್ಷಿಣ ದಂಡೆಯಿಂದ ಗಾಡಿಯಲ್ಲೇ ನೆತ್ತಿಯವರೆಗೆ ಹೋಗಬಹುದು.

ಆದರೆ ದಕ್ಷಿಣ ದಂಡೆಯ ಮರಗಾಡಿನಲ್ಲಿ ತ್ಸೆತ್ಸೆ ನೊಣದ ಕಾಟ ಹೆಚ್ಚು. ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ, ಸೂಜಿ ಚುಚ್ಚಿದ ಹಾಗೆ. ಸೊಳ್ಳೆಗೆ ಹಚ್ಚುವ ಮುಲಾಮಿಗೆ ಹೆಚ್ಚು ಹೆದರುವುದಿಲ್ಲ. ಕಡುನೀಲಿ, ಕಪ್ಪು ಬಣ್ಣಕ್ಕೆ ಆಕರ್ಷಿತವಾಗುತ್ತದೆ. ಅಂಥ ಕಾಡುಗಳಲ್ಲಿ ಮರಕ್ಕೆ ಕಟ್ಟಿದ ನೀಲಿ-ಕಪ್ಪು ಬಟ್ಟೆ ಕಂಡರೆ ಅದು ಈ ನೊಣಕ್ಕೆ ಒಡ್ಡಿದ ಬಲೆ. ಜೀನ್ಸ್ ಪ್ಯಾಂಟು, ನೇವಿ ಬ್ಲೂ ಟೀ ಶರ್ಟು ಹಾಕಿದವರು ನಡೆದಾಡುವ ಬಲೆಯಾಗುತ್ತಾರೆ. ತಿಳಿ ಖಾಕಿ, ಬೂದು, ಮಣ್ಣಿನ ಬಣ್ಣದ ದಪ್ಪ ಬಟ್ಟೆ ಹಾಕಿ, ಮರಗಾಡು ದಾಟುವಾಗ ಕಿಟಕಿ ಏರಿಸಿ. ಈ ನೊಣದಿಂದ ನಿದ್ರಾರೋಗ ತಗಲುವ ಸಂಭವ ಬಹಳ ಕಡಿಮೆ, ಇಲ್ಲವೇ ಇಲ್ಲ ಅನ್ನುವಂತಿಲ್ಲ. ಕಚ್ಚಿದ ಜಾಗದಲ್ಲಿ ಗಡ್ಡೆಯಾಗಿ ಜ್ವರ ಬಂದರೆ ತೋರಿಸಿ. ಬಟ್ಟೆಯ ಮಾತು ಬಂದದ್ದಕ್ಕೆ ಇನ್ನೊಂದು: ಸೈನಿಕರ ಮಚ್ಚೆ ಬಟ್ಟೆ ಉಗಾಂಡದಲ್ಲಿ ಸಾಮಾನ್ಯರು ತೊಡುವುದು ಕಾನೂನುಬಾಹಿರ. ಆ ವಿನ್ಯಾಸದ ಟೋಪಿ, ಚೀಲವನ್ನೂ ಮನೆಯಲ್ಲೇ ಬಿಡಿ.

ಬೆಳಗಿನ ಗಾಡಿಯ ಸುತ್ತು ಉತ್ತರ ದಂಡೆಯಲ್ಲಿ, ಎರಡು ನೈಲ್‌ಗಳ ನಡುವಿನ ಬುಲಿಗಿ ಬಯಲಿನಲ್ಲಿ. ಜಿರಾಫೆ, ಕಾಡೆಮ್ಮೆ, ಕೋಬ್ ಎಂಬ ಕಂದು ಜಿಂಕೆ, ಅದೃಷ್ಟವಿದ್ದರೆ ಸಿಂಹ. ಜೀಬ್ರಾ, ಘೇಂಡಾಮೃಗಕ್ಕೆ ಕಾಯಬೇಡಿ. ಬಯಲಿನಲ್ಲೆಲ್ಲ ಎತ್ತರದ ತಾಳೆ ಮರಗಳಿವೆ, ನಮ್ಮ ತಾಟಿನಿಂಗಿನ ಮರದ ದಾಯಾದಿ. ಅದರ ಹಣ್ಣು ತಿಂದ ಆನೆಗಳು ಲದ್ದಿಯಲ್ಲಿ ಬೀಜ ಹರಡುತ್ತವೆ.

ಗಾಡಿಯಲ್ಲಿ ಎಲ್ಲಿ ಕೂರುತ್ತೀರಿ ಅನ್ನುವುದು ಬೆನ್ನಿಗೆ ಮುಖ್ಯ. ಕೊನೆಯ ಸಾಲು ಹಿಂದಿನ ಗಾಲಿಯ ಅಚ್ಚಿನ ಮೇಲೆಯೇ ಇರುತ್ತದೆ, ಒಂದೊಂದು ಗುಂಡಿಯೂ ನೇರ ಸೊಂಟಕ್ಕೆ. ಎರಡು ಅಚ್ಚುಗಳ ನಡುವಿನ ಸಾಲು ಹಿಡಿಯಿರಿ. ನೀರು ದಿನಕ್ಕೆ ಮೂರು ಲೀಟರ್ ಬೇಕು. ಇಲ್ಲಿ ಹೆಂಗಸರು ವಿಶೇಷವಾಗಿ ಕೇಳಬೇಕು: ಕಾಡಿನ ದಾರಿಯಲ್ಲಿ ಶೌಚಾಲಯವಿಲ್ಲ ಅಂತ ನೀರನ್ನೇ ಬಿಡುತ್ತಾರೆ. ಹತ್ತು ಗಂಟೆಗೆ ತಲೆನೋವು, ಸಂಜೆಗೆ ಉರಿಮೂತ್ರ. ಪೂರ್ವ ಆಫ್ರಿಕಾದ ಡ್ರೈವರುಗಳಿಗೆ ಒಂದು ಸಂಕೇತದ ಮಾತಿದೆ, ಟೈರ್ ನೋಡಬೇಕು ಅಂತ. ಹಾಗೆ ಹೇಳಿದರೆ ಸುತ್ತ ಪರೀಕ್ಷಿಸಿ, ಬಯಲು ಕಾಣುವ ಜಾಗದಲ್ಲಿ ನಿಲ್ಲಿಸಿ, ಗಾಡಿಯ ಹಿಂದೆ ಮರೆ ಕೊಡುತ್ತಾರೆ. ಪೊದೆಯ ಹಿಂದೆ ಮಾತ್ರ ಹೋಗಬೇಡಿ.

ಈಗ ಔಷಧಿ. ಗಮನವಿಟ್ಟು ಕೇಳಿ, ಯಾಕೆಂದರೆ ತಪ್ಪು ಹೆಚ್ಚಾಗುವುದು ಇಲ್ಲೇ. ಕ್ಯಾಂಪ್ ಬಿಟ್ಟ ದಿನವೇ ಮಲೇರಿಯಾ ತಡೆಯುವ ಮಾತ್ರೆಯನ್ನೂ ಬಿಡುತ್ತಾರೆ. ನೈಲ್ ದಂಡೆಯಲ್ಲಿ ಸೊಳ್ಳೆ ಕ್ಯಾಂಪಿಗಿಂತ ಕಡಿಮೆಯೇನಿಲ್ಲ, ಅಲ್ಲಿರುವುದು ಬಹುಪಾಲು ಫಾಲ್ಸಿಪಾರಂ ಎಂಬ ಅಪಾಯದ ಮಲೇರಿಯಾ. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರು ಮಲೇರಿಯಾ ಸೀಮೆ ಬಿಟ್ಟ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಮೆಫ್ಲೋಕ್ವಿನ್ ವಾರಕ್ಕೊಂದರಂತೆ ಇನ್ನೂ ನಾಲ್ಕು ವಾರ. ಅಟೊವಾಕ್ವೋನ್-ಪ್ರೊಗ್ವಾನಿಲ್ ಏಳು ದಿನ. ಡಾಕ್ಸಿಯಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ವಾರ್ಡಿನ ನೆರಳಲ್ಲಿ ಗೊತ್ತಾಗದ್ದು ದೋಣಿಯಲ್ಲಿ ಮೂರು ತಾಸಿಗೆ ಕೈ ಕೆಂಪಾದಾಗ ಗೊತ್ತಾಗುತ್ತದೆ. ತುಂಬು ಲೋಟ ನೀರಿನ ಜೊತೆ ನುಂಗಿ, ಅರ್ಧ ತಾಸು ಮಲಗಬೇಡಿ, ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಸನ್‌ಸ್ಕ್ರೀನ್ ಮೊದಲು, ಅದು ಒಣಗಿದ ಮೇಲೆ ಸೊಳ್ಳೆ ಮುಲಾಮು.

ಮೆಫ್ಲೋಕ್ವಿನ್ ಬಗ್ಗೆ ಬೇರೆಯಾಗಿ ಹೇಳಬೇಕು. ಭಯಂಕರ ಕನಸು, ಕಾರಣವಿಲ್ಲದ ಗಾಬರಿ, ತಲೆಸುತ್ತು ಅದರ ಅಡ್ಡಪರಿಣಾಮಗಳು. ಕಷ್ಟದ ಮಿಷನ್ ಮುಗಿಸಿದವರಿಗೆ ಇವು ಬಂದರೆ ಮನಸ್ಸಿನ ದಣಿವು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಮಾತ್ರೆ ಮುಂದುವರಿಯುತ್ತಲೇ ಇರುತ್ತದೆ. ಯಾವ ಮಾತ್ರೆ ನುಂಗುತ್ತಿದ್ದೀರಿ ಅನ್ನುವುದನ್ನು ನಿಮ್ಮ ವೈದ್ಯರಿಗೆ ಮೊದಲು ಹೇಳಿ, ಬದಲಿಸಿಕೊಳ್ಳಿ.

ರಜೆಯಲ್ಲಿ ಜ್ವರ ಬಂದರೆ ಸುಸ್ತು ಅಂತ ತಳ್ಳಿಹಾಕಬೇಡಿ. ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಬೆರಳಿಗೆ ಚುಚ್ಚುವ ಕಿಟ್‌ಗಳಲ್ಲಿ ಹೆಚ್ಚಿನವು ಪರಾವಲಂಬಿಯ ಒಂದು ಪ್ರೋಟೀನನ್ನು ಹುಡುಕುತ್ತವೆ. ಆ ಪ್ರೋಟೀನು ಕಾಯಿಲೆ ವಾಸಿಯಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ಕಳೆದ ತಿಂಗಳು ಮಲೇರಿಯಾ ಆಗಿದ್ದವರಿಗೆ ಕಿಟ್‌ನ ಎರಡು ಗೆರೆಯಿಂದ ಏನೂ ತೀರ್ಮಾನವಾಗದು, ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಮಲೇರಿಯಾ ವಾಸಿಮಾಡುವ ಆರ್ಟೆಮೆಥರ್-ಲುಮೆಫಾಂಟ್ರಿನ್ ಬರೆದುಕೊಟ್ಟರೆ ದೊಡ್ಡವರಿಗೆ ನಾಲ್ಕು ನಾಲ್ಕು ಮಾತ್ರೆಯಂತೆ ಆರು ಸಲ: ಶುರುವಿಗೆ, ಎಂಟು ತಾಸಿಗೆ, ಆಮೇಲೆ 24, 36, 48, 60ನೆಯ ತಾಸಿಗೆ. ಒಟ್ಟು 24 ಮಾತ್ರೆ. ಹಾಲು, ಕಡಲೆಕಾಯಿಯಂಥ ಜಿಡ್ಡಿನ ಆಹಾರದ ಜೊತೆ ತೆಗೆದುಕೊಂಡರೆ ಮಾತ್ರ ಅದು ಸರಿಯಾಗಿ ಮೈಗೆ ಹತ್ತುತ್ತದೆ. ಎರಡನೆಯ ದಿನ ಜ್ವರ ಇಳಿಯಿತೆಂದು ನಿಲ್ಲಿಸುವುದೇ ಸಾಮಾನ್ಯ ತಪ್ಪು.

ನದಿಗೆ, ಆಲ್ಬರ್ಟ್ ಸರೋವರಕ್ಕೆ ಕಾಲು ಇಳಿಬಿಡಬೇಡಿ. ಮೊಸಳೆ ಕಾಣದ ಜಾಗದಲ್ಲೂ ಬಸವನಹುಳುವಿನಿಂದ ಹರಡುವ ಬಿಲ್ಹಾರ್ಜಿಯಾ ಎಂಬ ರೋಗ ಇದೆ. ಹಾಗೆಯೇ ಬಾವಲಿ ಇರುವ ಗುಹೆಗಳಿಗೆ ಹೋಗಬೇಡಿ. ಕ್ವೀನ್ ಎಲಿಜಬೆತ್ ಉದ್ಯಾನದ ಒಂದು ಗುಹೆಗೆ ಹೋಗಿ ಬಂದ ನೆದರ್‌ಲ್ಯಾಂಡ್ಸಿನ ಪ್ರವಾಸಿಯೊಬ್ಬರು 2008ರಲ್ಲಿ ಮಾರ್ಬರ್ಗ್ ಜ್ವರದಿಂದ ತೀರಿಕೊಂಡರು.

ಇನ್ನು ಮನಸ್ಸು. ನಿನ್ನೆ ತೋಳಿನ ಸುತ್ತಳತೆ 115 ಮಿಲಿಮೀಟರಿಗೂ ಕಡಿಮೆ ಇದ್ದ, ಅಂದರೆ ತೀವ್ರ ಅಪೌಷ್ಟಿಕತೆಯ ಮಗುವನ್ನು ಭರ್ತಿ ಮಾಡಿಕೊಂಡಿದ್ದೀರಿ. ಇವತ್ತು ನಿಮ್ಮ ಮುಂದೆ ನಾಲ್ಕು ಬಗೆಯ ಹಣ್ಣು ಹೆಚ್ಚಿಟ್ಟಿದ್ದಾರೆ. ಗಂಟಲಲ್ಲಿ ಇಳಿಯುವುದಿಲ್ಲ. ಇದು ನಿಮ್ಮೊಳಗಿನ ದೋಷವೇನಲ್ಲ, ಆ ಕೆಲಸ ಮಾಡಿದ ಬಹಳ ಜನರಿಗೆ ಆಗುತ್ತದೆ. ಉದ್ಯಾನದ ಪ್ರವೇಶ ಶುಲ್ಕದ ನೂರಕ್ಕೆ ಇಪ್ಪತ್ತು ಪಾಲು ಸುತ್ತಲಿನ ಊರುಗಳಿಗೆ ಹೋಗುತ್ತದೆ ಅನ್ನುವುದು ನಿಜ. ಆದರೂ ಲೆಕ್ಕ ಹೇಳಿ ಈ ಸಂಕಟ ಕಳೆಯಲಾಗುವುದಿಲ್ಲ. ಅದು ಇದ್ದುಕೊಂಡೇ ಊಟ ಮಾಡಬಹುದು, ಮಲಗಬಹುದು. ಅಷ್ಟು ಸಾಕು.

ಕಳೆಯಬಹುದಾದದ್ದು ಇನ್ನೊಂದಿದೆ: ಅಲ್ಲಿ ಏನಾಯಿತೋ ಅನ್ನುವ ಕಳವಳ. ಅದಕ್ಕೆ ಮದ್ದು ಹೊರಡುವ ಹಿಂದಿನ ದಿನವೇ ಆಗಬೇಕು. ಬಾಕಿ ಇರುವ ಒಂದೊಂದು ಕೆಲಸಕ್ಕೂ ಒಂದು ಸಾಲು ಬರೆಯಿರಿ: ಏನು, ಯಾರು ಮಾಡುತ್ತಾರೆ, ಯಾವತ್ತಿನೊಳಗೆ. ವಹಿಸಿಕೊಂಡವರ ಎದುರು ಓದಿ ಹೇಳಿ. ಬಾಯಿಮಾತಿನಲ್ಲಿ ಒಪ್ಪಿಸಿ ಬಂದವರೇ ರಾತ್ರಿ ಎರಡಕ್ಕೆ ಎದ್ದು ಆ ಇಂಜೆಕ್ಷನ್ ಹೇಳಿದೆನೋ ಇಲ್ಲವೋ ಅಂತ ಕೂರುವುದು. ಫೋನು ದಿನಕ್ಕೆ ಒಂದು ಸಲ, ಗೊತ್ತಾದ ಹೊತ್ತಿಗೆ, ಒಬ್ಬರಿಗೆ ಮಾತ್ರ. ಸಹೋದ್ಯೋಗಿಗಳ ಜೊತೆ ಹೋಗುವುದಾದರೆ ಗಾಡಿಯಲ್ಲಿ ವಾರ್ಡಿನ ಮಾತು ಬೇಡ ಅಂತ ಮೊದಲೇ ಒಪ್ಪಿಕೊಳ್ಳಿ. ಸಂಜೆ ಯಾರಿಗಾದರೂ ಹೇಳಿಕೊಳ್ಳಬೇಕು ಅನಿಸಿದರೆ ಆಗ ಕೂತು ಕೇಳಿ, ಸಲಹೆ ಕೊಡಲು ಹೋಗಬೇಡಿ. ಬೆಚ್ಚಿಬೀಳುವುದು, ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬರುವುದು, ನಿದ್ದೆ ಇಲ್ಲದಿರುವುದು ಒಂದು ತಿಂಗಳು ದಾಟಿದರೆ ಅದನ್ನು ರಜೆಯಿಂದ ಸರಿಪಡಿಸಲಾಗದು. ಮನೋವೈದ್ಯರನ್ನು ಕಾಣಬೇಕು.

ಐದನೆಯ ದಿನ ಪ್ರಯಾಣಕ್ಕೆ ಬಿಡಿ. ಕ್ಯಾಂಪಿಗೆ ಮರಳುವವರು ಮಧ್ಯಾಹ್ನದೊಳಗೆ ತಲುಪಿ, ಬಟ್ಟೆ ಒಗೆದುಕೊಂಡು, ಮರುದಿನ ಬೆಳಗ್ಗೆ ಡ್ಯೂಟಿಗೆ ಹೋಗಿ, ಅದೇ ರಾತ್ರಿಯ ಪಾಳಿಗೆ ಬೇಡ. ಅವಧಿ ಮುಗಿದು ಬೆಂಗಳೂರಿಗೆ ಬರುವವರು ಹಳದಿ ಜ್ವರದ ಲಸಿಕೆಯ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಕಚೇರಿಯ ಕಡತದಲ್ಲಿ ಬಿಟ್ಟು ಬಂದವರನ್ನು ಇಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ ಹತ್ತು ದಿನದ ಮೇಲಷ್ಟೇ ಅದಕ್ಕೆ ಬೆಲೆ. ಒಮ್ಮೆ ಹಾಕಿಸಿದರೆ 2016ರ ನಿಯಮದಂತೆ ಜೀವನಪೂರ್ತಿ ಸಾಕು. ಮನೆಗೆ ಬಂದ ಮೇಲೆ ಉಳಿದ ಮಲೇರಿಯಾ ಮಾತ್ರೆಯನ್ನು ಸೂಟ್‌ಕೇಸಿನಲ್ಲಿ ಬಿಡದೆ ಅಡುಗೆಮನೆಯ ಸಕ್ಕರೆ ಡಬ್ಬಿಯ ಪಕ್ಕ ಇಡಿ. ಮೂರು ತಿಂಗಳೊಳಗೆ ಜ್ವರ ಬಂದರೆ, ಕ್ಲಿನಿಕ್ಕಿನಲ್ಲಿ ಎಷ್ಟು ದಿನದಿಂದ ಅಂತ ಕೇಳುವ ಮೊದಲೇ, ಉಗಾಂಡದಿಂದ ಬಂದವಳು, ಬಂದವನು ಅಂತ ಹೇಳಿ.